ಕೈತೋಟದ ಮರದ ಮನೆ: ರಕ್ಷಣೆ ಮತ್ತು ಪಾಲನೆ

ಶಾಲೆಗೊಂದು ಕೈತೋಟವಿದ್ದರೆ ಅದರ ಮೂಲೆಯಲ್ಲಿ ಗುದ್ದಲಿ, ಸಲಿಕೆ, ಕುಡಗೋಲು, ಬುಟ್ಟಿ, ಬೀಜದ ಡಬ್ಬಿ, ಗೊಬ್ಬರದ ಚೀಲ ಮೊದಲಾದವುಗಳನ್ನು ಇಡುವ ಚಿಕ್ಕದೊಂದು ಮನೆಯೂ ಇರಬೇಕಾದುದು ಸಹಜ. ಹಲಗೆ ಹೊಡೆದು, ಮೇಲೆ ಹೆಂಚನ್ನೋ ತಗಡನ್ನೋ ಹೊದಿಸಿ ಕಟ್ಟಿದ ಇಂಥ ಮನೆಯನ್ನು ಕೆಲವರು ಕೊಟ್ಟಿಗೆಯೆನ್ನುತ್ತಾರೆ, ಕೆಲವರು ಶೆಡ್ಡು ಎನ್ನುತ್ತಾರೆ. ಪ್ರಸ್ತುತ ಲೇಖನದಲ್ಲಿ ಅದನ್ನು ‘ಮರದ ಮನೆ’ ಎಂದೇ ಕರೆಯೋಣ. ಕಟ್ಟಿದ ವರ್ಷ ಅದು ಎಲ್ಲರ ಕಣ್ಣಿಗೂ ಅಂದವಾಗಿ ಕಾಣುತ್ತದೆ. ಕೆಲವು ಮಳೆಗಾಲಗಳು ಕಳೆದ ಬಳಿಕ ಬಾಗಿಲು ಬಿಗಿಯುತ್ತದೆ, ಕೆಳಗಿನ ಹಲಗೆ ಕಪ್ಪಾಗುತ್ತದೆ, ಕಂಬದ ಬುಡದಲ್ಲಿ ಮಣ್ಣಿನ ಗೆರೆಯೊಂದು ಮೇಲೇರುತ್ತದೆ. ಆಗ ‘ಮರವೆಂದ ಮೇಲೆ ಇಷ್ಟೇ’ ಎಂದು ಹೇಳಿ ಕೈಬಿಡುವುದು ವಾಡಿಕೆ. ಆದರೆ ಈ ಮಾತು ನಿಜವಲ್ಲ. ಮರವು ತಾನಾಗಿ ಕೆಡುವುದಿಲ್ಲ. ಕೆಡುವುದಕ್ಕೆ ತಕ್ಕ ಸ್ಥಿತಿಯನ್ನು ನಾವು ಒದಗಿಸಿದಾಗ ಮಾತ್ರ ಕೆಡುತ್ತದೆ. ಆ ಸ್ಥಿತಿ ಯಾವುದು, ಅದನ್ನು ತಪ್ಪಿಸುವ ಬಗೆ ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮರವು ಕೆಡುವುದೇಕೆ?

ಮರವನ್ನು ಕೊಳೆಯಿಸುವುದು ನೀರಲ್ಲ, ಶಿಲೀಂಧ್ರ. ನೀರು ಅದಕ್ಕೆ ಸಹಾಯಕ ಮಾತ್ರ. ಶಿಲೀಂಧ್ರವು ಬದುಕಲು ನಾಲ್ಕು ಅನುಕೂಲಗಳು ಬೇಕು: ಆಹಾರ, ತೇವ, ಗಾಳಿ ಮತ್ತು ಹಿತವಾದ ಶಾಖ. ಮರದ ಸೆಲ್ಯುಲೋಸು ಮತ್ತು ಲಿಗ್ನಿನ್‌ಗಳೇ ಅದರ ಆಹಾರ. ನಮ್ಮ ನಾಡಿನಲ್ಲಿ ಶಾಖಕ್ಕೆ ಕೊರತೆಯಿಲ್ಲ. ಗಾಳಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಉಳಿದದ್ದು ತೇವವೊಂದೇ, ನಮ್ಮ ಪ್ರಯತ್ನವೆಲ್ಲ ಅಲ್ಲಿಯೇ ನಡೆಯಬೇಕು. ಮರದ ಒಣತೂಕದ ಶೇಕಡಾ 20ಕ್ಕಿಂತ ಕಡಿಮೆ ತೇವವಿರುವ ಮರದಲ್ಲಿ ಕೊಳೆತವು ಹುಟ್ಟುವುದಿಲ್ಲ. ತೇವವು ಶೇಕಡಾ 28-30ನ್ನು ಮುಟ್ಟಿದಾಗ ಮರದ ನಾರುಗಳ ಗೋಡೆಗಳು ನೀರಿನಿಂದ ತುಂಬಿ ಹೋಗುತ್ತವೆ. ಅದನ್ನು ಮೀರಿತೆಂದರೆ ಶಿಲೀಂಧ್ರಕ್ಕೆ ಹಬ್ಬ. ಗಾಳಿಯ ಆರ್ದ್ರತೆ ಶೇಕಡಾ 65ರಷ್ಟಿದ್ದಾಗ ಮರವು ಸುಮಾರು ಶೇಕಡಾ 12ರಷ್ಟು ತೇವವನ್ನು ಹಿಡಿದಿರುತ್ತದೆ. ಆರ್ದ್ರತೆ ಶೇಕಡಾ 90ಕ್ಕೆ ಏರಿದಾಗ ಅದು ಶೇಕಡಾ 20ರ ಸಮೀಪಕ್ಕೆ ಬರುತ್ತದೆ. ಬಯಲುಸೀಮೆಯ ಮರದ ಮನೆಗಿಂತ ಮಲೆನಾಡಿನದಕ್ಕೆ ಹೆಚ್ಚಿನ ಆರೈಕೆ ಬೇಕಾಗುವುದರ ಕಾರಣ ಇದೇ.

ತೇವದಂತೆ ಗಾಳಿಯೂ ಅಗತ್ಯವೆಂಬುದಕ್ಕೆ ಇಟಲಿಯ ವೆನಿಸ್ ನಗರವೇ ಸಾಕ್ಷಿ. ಅಲ್ಲಿನ ಕಟ್ಟಡಗಳು ನೀರಿನಡಿಯ ಕೆಸರಿನಲ್ಲಿ ಹೂಳಿದ ಮರದ ಗೂಟಗಳ ಮೇಲೆ ಶತಮಾನಗಳಿಂದ ನಿಂತಿವೆ. ಅಲ್ಲಿ ನೀರುಂಟು, ಗಾಳಿಯಿಲ್ಲ. ನಮ್ಮ ಬೇಲಿಯ ಗೂಟವಾದರೋ ನೆಲಮಟ್ಟದಲ್ಲಿಯೇ ಮೊದಲು ಮುರಿಯುತ್ತದೆ. ಅಲ್ಲಿ ಮಣ್ಣಿನ ತೇವವೂ ಮೇಲಿನ ಗಾಳಿಯೂ ಒಂದೆಡೆ ಸೇರುತ್ತವೆ. ಈ ಒಂದು ಸಂಗತಿಯನ್ನು ವಿದ್ಯಾರ್ಥಿಗಳಿಗೆ ಹಳೆಯ ಗೂಟವೊಂದನ್ನು ಕಿತ್ತು ತೋರಿಸಿದರೆ ಪಾಠವು ಅರ್ಧ ಮುಗಿದಂತೆಯೇ ಸರಿ.

ಮರದ ಇತರ ಶತ್ರುಗಳು

ಎರಡನೆಯ ಶತ್ರು ಗೆದ್ದಲು. ಅದು ನೆಲದೊಳಗಿನ ತನ್ನ ಗೂಡಿನಿಂದ ಹೊರಟು ಮಣ್ಣಿನ ನಾಳವನ್ನು ಕಟ್ಟಿಕೊಂಡು, ಬೆಳಕಿಗೂ ಒಣಗಾಳಿಗೂ ಮೈಯೊಡ್ಡದೆ ಮರವನ್ನು ಸೇರುತ್ತದೆ. ಮೇಲ್ಮೈಯನ್ನು ಕಾಗದದಷ್ಟು ತೆಳುವಾಗಿ ಉಳಿಸಿ ಒಳಗನ್ನು ತಿನ್ನುವುದರಿಂದ ಹೊರಗಿನಿಂದ ನೋಡಿದವರಿಗೆ ಕೇಡು ಕಾಣುವುದಿಲ್ಲ. ಮೂರನೆಯದು ಮರ ಕೊರೆಯುವ ಹುಳು. ಸೂಜಿಯ ಮೊನೆಯಷ್ಟು ಸಣ್ಣ ರಂಧ್ರ ಮತ್ತು ಅದರ ಕೆಳಗೆ ಗೋದಿಹಿಟ್ಟಿನಂಥ ನುಣ್ಣನೆಯ ಪುಡಿ ಕಂಡರೆ ಹುಳು ಒಳಗಿದೆಯೆಂದು ತಿಳಿಯಬೇಕು. ಪಿಷ್ಟವುಳ್ಳ ಬಿಳಿಯ ಹೊರಮರವೆಂದರೆ ಇದಕ್ಕೆ ಪ್ರಿಯ. ಒಳಗಿನ ಚೇಗನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ನಾಲ್ಕನೆಯದು ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳು ಮೇಲ್ಮೈಯ ಲಿಗ್ನಿನ್ನನ್ನು ಒಡೆಯುತ್ತವೆ, ಮಳೆಯು ಅದನ್ನು ತೊಳೆಯುತ್ತದೆ, ಮರವು ಬೂದುಬಣ್ಣಕ್ಕೆ ತಿರುಗುತ್ತದೆ. ಇದನ್ನು ಕಂಡು ಗಾಬರಿಪಡಬೇಕಾದುದಿಲ್ಲ. ಈ ಸವೆತವು ಬಹು ನಿಧಾನವಾದುದು; ಮೆತುಮರಗಳಲ್ಲಿಯೂ ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರಿನಷ್ಟು ಮಾತ್ರ. ಬೂದುಬಣ್ಣವೇ ಬೇರೆ, ಕೊಳೆತವೇ ಬೇರೆ. ಆದರೆ ಬಿಸಿಲು-ಮಳೆಗಳಿಗೆ ಸಿಕ್ಕಿ ಹಲಗೆಯು ಹಿಗ್ಗಿ ಕುಗ್ಗಿ ಬಿರುಕುಬಿಡುತ್ತದೆ. ಆ ಬಿರುಕಿನಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಶಿಲೀಂಧ್ರವನ್ನು ಕರೆಯುತ್ತದೆ. ಹೀಗೆ ಒಂದು ಶತ್ರು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ.

ಹಿರಿಯರು ಕಲಿಸಿದ ಪಾಠ

ನಾರ್ವೆ ದೇಶದಲ್ಲಿ ಮರದಿಂದಲೇ ಕಟ್ಟಿದ ಪುರಾತನ ಚರ್ಚುಗಳಿವೆ. ಅವುಗಳಲ್ಲಿ ಬೋರ್ಗುಂಡ್ ಎಂಬಲ್ಲಿರುವುದು ಸುಮಾರು ಕ್ರಿ.ಶ. 1180ರ ವೇಳೆಯದು. ಅದಕ್ಕಿಂತ ಹಿಂದಿನ ಚರ್ಚುಗಳ ಕಂಬಗಳನ್ನು ನೇರವಾಗಿ ಮಣ್ಣಿನಲ್ಲಿ ನೆಡುತ್ತಿದ್ದರು. ಅವು ಬುಡದಲ್ಲಿ ಕೊಳೆತು ಇಲ್ಲವಾದವು. ಅನಂತರದ ಬಡಗಿಗಳು ಕಲ್ಲಿನ ತಳಪಾಯದ ಮೇಲೆ ಮರದ ಅಡ್ಡತೊಲೆಗಳನ್ನಿರಿಸಿ ಅವುಗಳ ಮೇಲೆ ಕಂಬಗಳನ್ನು ನಿಲ್ಲಿಸಿದರು. ಹೊರಮೈಗೆ ಪೈನ್ ಮರದ ಕೀಲನ್ನು ಮತ್ತೆ ಮತ್ತೆ ಬಳಿದರು. ಎಂಟು ಶತಮಾನಗಳ ಮಳೆ ಹಿಮಗಳನ್ನು ಸಹಿಸಿ ಆ ಕಟ್ಟಡವು ಇಂದಿಗೂ ನಿಂತಿದೆ.

ಈ ತಿಳಿವಳಿಕೆಗಾಗಿ ನಾವು ನಾರ್ವೆಗೆ ಹೋಗಬೇಕಾದುದಿಲ್ಲ. ನಮ್ಮ ಹಳ್ಳಿಯ ಹಳೆಯ ತೊಟ್ಟಿಮನೆಗಳಲ್ಲಿ ಮರದ ಕಂಬದ ಕೆಳಗೆ ಕಲ್ಲಿನ ಪೀಠವಿಲ್ಲದ ಮನೆಯುಂಟೆ? ಬೆಂಗಳೂರಿನ ಕೋಟೆಯ ಬಳಿ 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆಯ ಸಾಗುವಾನಿ ಕಂಬಗಳೂ ಕಲ್ಲಿನ ಪೀಠಗಳ ಮೇಲೆಯೇ ನಿಂತಿವೆ. ಮರವು ಮಣ್ಣನ್ನು ಮುಟ್ಟಬಾರದೆಂಬ ಒಂದೇ ನಿಯಮವನ್ನು ಎರಡು ನಾಡಿನ ಬಡಗಿಗಳೂ ತಮ್ಮಷ್ಟಕ್ಕೆ ಕಂಡುಕೊಂಡಿದ್ದರು. ಮಿಕ್ಕ ನಿಯಮಗಳೆಲ್ಲ ಇದರ ವಿಸ್ತಾರವೇ ಆಗಿವೆ.

ಕಟ್ಟುವಾಗಲೇ ವಹಿಸಬೇಕಾದ ಎಚ್ಚರ

ಮೊದಲನೆಯದಾಗಿ, ಸ್ಥಳ. ನೀರು ನಿಲ್ಲದ ಎತ್ತರದ ನೆಲವನ್ನು ಆರಿಸಬೇಕು. ದೊಡ್ಡ ಮರದ ಕೆಳಗೆ ಕಟ್ಟಿದರೆ ನೆರಳು ಸಿಗುವುದು ನಿಜ. ಆದರೆ ಎಲೆ ಬಿದ್ದು ಮಾಡಿನಲ್ಲಿ ತೇವ ನಿಲ್ಲುವುದೂ ಅಷ್ಟೇ ನಿಜ.

ಎರಡನೆಯದಾಗಿ, ಬುಡ. ಕಂಬಗಳು ಕಲ್ಲಿನ ಅಥವಾ ಕಾಂಕ್ರೀಟಿನ ಪೀಠದ ಮೇಲೆ ನಿಲ್ಲಬೇಕು. ಕೆಳಗಿನ ಹಲಗೆಯು ನೆಲದಿಂದ ಕಡೆಯ ಪಕ್ಷ 30 ಸೆಂಟಿಮೀಟರು ಮೇಲಿರಬೇಕು. ಸೂರಿನಿಂದ ಬಿದ್ದ ಹನಿಯು ನೆಲಕ್ಕೆ ಬಡಿದು ಹಿಂದಕ್ಕೆ ಚಿಮ್ಮುವುದರಿಂದ ಹಲಗೆಯ ಕೆಳಭಾಗವೇ ಮೊದಲು ಕೆಡುತ್ತದೆ. ಹನಿ ಬೀಳುವ ಜಾಗದಲ್ಲಿ ಜಲ್ಲಿ ಹಾಸಿದರೆ ಈ ಚಿಮ್ಮುವಿಕೆ ಬಹಳ ಕಡಿಮೆಯಾಗುತ್ತದೆ. ಪೀಠಕ್ಕೂ ಕಂಬಕ್ಕೂ ನಡುವೆ ಅಂಚು ಹೊರಚಾಚಿದ ಸತುವಿನ ಲೇಪದ ತಗಡನ್ನಿಡುವುದು ಒಳ್ಳೆಯದು. ಅದು ಗೆದ್ದಲನ್ನು ಪೂರ್ಣವಾಗಿ ತಡೆಯಲಾರದು. ಆದರೆ ಗೆದ್ದಲು ತಗಡನ್ನು ಸುತ್ತಿಕೊಂಡು ನಾಳವನ್ನು ಕಟ್ಟಬೇಕಾಗುವುದರಿಂದ ಅದರ ದಾರಿ ನಮ್ಮ ಕಣ್ಣಿಗೆ ಬೀಳುತ್ತದೆ.

ಮೂರನೆಯದಾಗಿ, ಮಾಡು. ಸೂರು ಗೋಡೆಯಿಂದ 45ರಿಂದ 60 ಸೆಂಟಿಮೀಟರು ಹೊರಚಾಚಿರಬೇಕು. ಬಣ್ಣಕ್ಕೆ ವೆಚ್ಚ ಮಾಡುವ ಹಣದಲ್ಲಿ ಅರ್ಧವನ್ನು ಸೂರಿಗೆ ವೆಚ್ಚ ಮಾಡಿದವನು ಜಾಣ. ತಗಡಿನ ಮಾಡಾದರೆ ರಾತ್ರಿಯ ತಂಪಿಗೆ ಒಳಮೈಯಲ್ಲಿ ನೀರು ಬೆವರಿ ತೊಟ್ಟಿಕ್ಕುತ್ತದೆ. ಆದಕಾರಣ ಮಾಡಿನ ಕೆಳಗೆ ಎದುರುಬದುರಾಗಿ ಗಾಳಿಗಂಡಿಗಳನ್ನು ಬಿಡಬೇಕು. ಇಲಿ ನುಗ್ಗದಂತೆ ಅವಕ್ಕೆ ಜಾಲರಿ ಹೊಡೆಯಬೇಕು.

ನಾಲ್ಕನೆಯದಾಗಿ, ಮರದ ಆಯ್ಕೆ. ಸಾಗುವಾನಿಯ ಚೇಗು ಬಾಳಿಕೆಯಲ್ಲಿ ಉತ್ತಮ ವರ್ಗಕ್ಕೆ ಸೇರಿದ್ದು. ಮಾವು ಮಣ್ಣಿನ ಸಂಪರ್ಕದಲ್ಲಿ ಬಹುಬೇಗ ಕೆಡುವ ವರ್ಗದ್ದು. ಆದರೆ ಸಾಗುವಾನಿಯೆಂಬ ಹೆಸರಿಗೆ ಮರುಳಾಗಬಾರದು. ಅದರ ಬಿಳಿಯ ಹೊರಮರಕ್ಕೆ ಚೇಗಿನ ಬಾಳಿಕೆಯಿಲ್ಲ. ಎಳೆಯ ಸಾಗುವಾನಿಯ ಬಿಳಿಹಲಗೆಗಿಂತ ಹಳೆಯ ಕಟ್ಟಡವನ್ನು ಕೆಡವಿದಾಗ ಸಿಗುವ ಗಟ್ಟಿ ತೊಲೆಯೇ ಅನೇಕ ವೇಳೆ ಮೇಲು. ಕಬ್ಬಿಣದ ಬರಿಯ ಮೊಳೆಗಳು ತುಕ್ಕುಹಿಡಿದು ಮರವನ್ನು ಕಪ್ಪಾಗಿಸುವುದರಿಂದ ಸತುವಿನ ಲೇಪದ ಮೊಳೆ ಅಥವಾ ಹಿತ್ತಾಳೆಯ ಸ್ಕ್ರೂಗಳನ್ನು ಬಳಸತಕ್ಕದ್ದು.

ಲೇಪನದ ವಿಚಾರ

ಬಣ್ಣ ಬಳಿದರೆ ಮರಕ್ಕೆ ರಕ್ಷಣೆ ದೊರೆತಂತೆಯೇ ಎಂಬ ನಂಬಿಕೆ ವ್ಯಾಪಕವಾಗಿದೆ. ಬಣ್ಣದ ಪೊರೆಯು ಬಿರಿಯದೆ ಇರುವವರೆಗೆ ಇದು ಸರಿ. ಬಿರಿದ ಮೇಲೆ ಅದೇ ಪೊರೆಯು ಒಳಹೊಕ್ಕ ನೀರನ್ನು ಹೊರಗೆ ಹೋಗಗೊಡದೆ ಹಿಡಿದಿಡುತ್ತದೆ. ಒಳಗೆ ಇಳಿಯುವ ಎಣ್ಣೆಯ ಲೇಪವು ಬಣ್ಣದಷ್ಟು ಹೊಳೆಯದಿದ್ದರೂ ಸುಲಿಯುವುದಿಲ್ಲ. ವರ್ಷಕ್ಕೊಮ್ಮೆ ಒರೆಸಿ ಮತ್ತೆ ಬಳಿದರೆ ಸಾಕು. ಶಾಲೆಯ ಮಕ್ಕಳು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಮಾಡಬಹುದಾದ ಕೆಲಸವಿದು.

ಕಾಯಿಸಿದ ಅಗಸೆ ಎಣ್ಣೆಯು ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿದೆ. ತೆಳುವಾಗಿ ಎರಡು ಮೂರು ಸಲ ಬಳಿಯಬೇಕೇ ಹೊರತು ಒಮ್ಮೆಗೇ ದಪ್ಪನಾಗಿ ಬಳಿಯಬಾರದು. ಹಲಗೆಯ ಕೊಯ್ದ ತುದಿಗಳು ಮೈಗಿಂತ ಅನೇಕ ಪಾಲು ವೇಗವಾಗಿ ನೀರನ್ನು ಹೀರುವುದರಿಂದ ಅಲ್ಲಿಗೆ ಎಣ್ಣೆಯು ತೃಪ್ತಿಯಾಗುವವರೆಗೆ ಕುಡಿಸಬೇಕು. ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಅಗಸೆ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಅದು ಗಾಳಿಯೊಡನೆ ಕೂಡಿ ತಾನಾಗಿ ಕಾಯ್ದು ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸಬೇಕು. ಇಲ್ಲವೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು.

ಕರಾವಳಿಯಲ್ಲಿ ದೋಣಿಗಳಿಗೆ ಗೇರು ಚಿಪ್ಪಿನ ಎಣ್ಣೆಯನ್ನು ಬಳಿಯುವ ರೂಢಿಯುಂಟು. ಅದು ಹುಳುಗಳನ್ನೂ ನೀರನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಚರ್ಮಕ್ಕೆ ತಗಲಿದರೆ ಸುಟ್ಟು ಗುಳ್ಳೆಯೆಬ್ಬಿಸುವುದರಿಂದ ಮಕ್ಕಳ ಕೈಗೆ ಅದನ್ನು ಕೊಡಕೂಡದು. ವಾಹನಗಳಿಂದ ತೆಗೆದ ಹಳೆಯ ಎಂಜಿನ್ ಎಣ್ಣೆಯನ್ನು ಖರ್ಚಿಲ್ಲವೆಂದು ಮರಕ್ಕೆ ಬಳಿಯುವ ಅಭ್ಯಾಸವೂ ಅಲ್ಲಲ್ಲಿ ಕಂಡುಬರುತ್ತದೆ. ಅದರಲ್ಲಿ ವಿಷಕಾರಿ ಲೋಹಗಳೂ ಕ್ಯಾನ್ಸರ್ ತರಬಲ್ಲ ದ್ರವ್ಯಗಳೂ ಇರುತ್ತವೆ. ಮಕ್ಕಳು ಸೊಪ್ಪು ತರಕಾರಿ ಬೆಳೆಯುವ ತೋಟದ ಮಣ್ಣಿಗೆ ಅದು ಇಳಿಯುವುದು ತರವಲ್ಲ.

ರಾಸಾಯನಿಕ ರಕ್ಷಣೆ ಮತ್ತು ಮಕ್ಕಳ ಆರೋಗ್ಯ

ಮರಕ್ಕೆ ರಾಸಾಯನಿಕ ರಕ್ಷಣೆಯ ಇತಿಹಾಸದಲ್ಲಿ ಭಾರತಕ್ಕೆ ಗೌರವದ ಸ್ಥಾನವಿದೆ. ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್‌ಗಳನ್ನು ಕೂಡಿಸಿದ ‘ಆಸ್ಕು’ ಎಂಬ ದ್ರಾವಣವನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು ಕಂಡುಹಿಡಿದರು. ಮುಂದೆ ಅದು ಜಗತ್ತಿನಾದ್ಯಂತ ಹಬ್ಬಿ, ಬೇಗ ಕೆಡುತ್ತಿದ್ದ ಮರಗಳಿಗೂ ದಶಕಗಳ ಆಯುಷ್ಯವನ್ನು ಕೊಟ್ಟಿತು. ಆದರೆ ಅದರಲ್ಲಿನ ಆರ್ಸೆನಿಕ್ ವಿಷವಾದುದರಿಂದ ಅಮೆರಿಕಾದಲ್ಲಿ 2003ರ ಕೊನೆಗೆ ಮನೆಯಂಗಳ, ಮಕ್ಕಳ ಆಟದ ಬಯಲು ಮುಂತಾದ ಬಹುತೇಕ ಬಳಕೆಗಳಿಂದ ಅದನ್ನು ಹಿಂತೆಗೆಯಲಾಯಿತು. ಹೀಗೆ ಸಂಸ್ಕರಿಸಿದ ಮರದ ಚೂರುಗಳನ್ನು ಎಂದಿಗೂ ಒಲೆಗೆ ಹಾಕಬಾರದು. ಹೊಗೆಯಲ್ಲಿಯೂ ಬೂದಿಯಲ್ಲಿಯೂ ವಿಷವಿರುತ್ತದೆ. ಹಿಂದೆ ಗೆದ್ದಲಿಗೆಂದು ಧಾರಾಳವಾಗಿ ಸುರಿಯುತ್ತಿದ್ದ ಆಲ್ಡ್ರಿನ್ ಈಗ ನಮ್ಮ ದೇಶದಲ್ಲಿ ನಿಷಿದ್ಧವಾಗಿದೆ. ಹಳೆಯ ಉಗ್ರಾಣದಲ್ಲಿ ಅಂಥ ಡಬ್ಬಿ ಉಳಿದಿದ್ದರೆ ಅದನ್ನು ಬಳಸಕೂಡದು, ಚರಂಡಿಗೆ ಚೆಲ್ಲಲೂಕೂಡದು.

ಶಾಲೆಗೆ ಹೆಚ್ಚು ಒಪ್ಪುವುದು ಬಿಳಿಗಾರ ಮತ್ತು ಬೋರಿಕ್ ಆಮ್ಲಗಳ ಮಿಶ್ರಣ. ಮೂರು ಪಾಲು ಬಿಳಿಗಾರಕ್ಕೆ ಎರಡು ಪಾಲು ಬೋರಿಕ್ ಆಮ್ಲವನ್ನು ಬೆರೆಸಿ, ಬಿಸಿನೀರಿನಲ್ಲಿ ಶೇಕಡಾ 5ರ ಪ್ರಮಾಣದಲ್ಲಿ ಕರಗಿಸಿ, ಬಣ್ಣವಿಲ್ಲದ ಮರಕ್ಕೆ ಎರಡು ಮೂರು ಸಲ ಬಳಿದರೆ ಕೊರೆಹುಳುವಿಗೂ ಶಿಲೀಂಧ್ರಕ್ಕೂ ತಡೆಯಾಗುತ್ತದೆ. ಅದರ ದೋಷವೆಂದರೆ ಮಳೆನೀರಿಗೆ ತೊಳೆದುಹೋಗುವುದು. ಆದುದರಿಂದ ಅದನ್ನು ಒಳಭಾಗದ ಮರಕ್ಕೆ ಬಳಸಬೇಕು. ಹೊರಭಾಗಕ್ಕೆ ಬಳಸಿದರೆ ಒಣಗಿದ ಮೇಲೆ ಎಣ್ಣೆ ಅಥವಾ ಬಣ್ಣದ ಹೊದಿಕೆ ಕೊಡಬೇಕು. ಇದೂ ನುಂಗುವ ವಸ್ತುವಲ್ಲ. ಬೆರೆಸುವವರು ಕೈಗವಸು ಧರಿಸತಕ್ಕದ್ದು. ಮಣ್ಣಿಗೆ ಗೆದ್ದಲಿನ ಔಷಧವನ್ನು ಹಾಕಲೇಬೇಕಾದಲ್ಲಿ ಭಾರತೀಯ ಮಾನಕ ಸಂಸ್ಥೆಯ 6313ನೆಯ ಮಾನಕದ ರೀತಿಯನ್ನು ಬಲ್ಲವರಿಂದ ರಜೆಯ ದಿನಗಳಲ್ಲಿ ಮಾಡಿಸುವುದು ಕ್ಷೇಮ. ಬಾವಿಯು ಹತ್ತಿರವಿದ್ದರೆ ಆ ಯೋಚನೆಯನ್ನೇ ಬಿಡುವುದು ಇನ್ನೂ ಕ್ಷೇಮ. ಮರದ ವಿಷಯದಲ್ಲಿ ಸಂದೇಹ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಇದೇ ವಿದ್ಯೆಗೆ ಮೀಸಲಾದುದೆಂಬುದನ್ನು ನೆನಪಿಡಬಹುದು.

ಹಳೆಯ ಬಣ್ಣವನ್ನು ಕೆರೆಯುವ ವಿಷಯದಲ್ಲಿಯೂ ಎಚ್ಚರ ಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸಿದ 2016ರ ನಿಯಮಗಳು ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಿಂದ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸವಿರಬಹುದು. ಸೀಸದ ಧೂಳು ಮಕ್ಕಳ ಬುದ್ಧಿಯ ಬೆಳವಣಿಗೆಗೇ ಮಾರಕ. ಇಂಥ ಬಣ್ಣವನ್ನು ಒಣಗಿರುವಾಗ ಉಜ್ಜದೆ, ನೀರು ಚಿಮುಕಿಸಿ ತೇವಮಾಡಿ, ಕೆಳಗೆ ಹಾಳೆ ಹಾಸಿ, ವಯಸ್ಕರೇ ಕೆರೆಯಬೇಕು. ವಿದ್ಯೆ ಕಲಿಸುವ ಆವರಣದಲ್ಲಿ ವಿದ್ಯಾರ್ಥಿಯ ಮೆದುಳಿಗೆ ಕುಂದು ತರುವ ಕೆಲಸ ನಡೆಯಬಾರದು.

ವರ್ಷದ ಪಾಲನೆಯ ಕ್ರಮ

ಮರದ ಮನೆಯ ಪಾಲನೆಗೆ ವರ್ಷದಲ್ಲಿ ನಾಲ್ಕು ದಿನಗಳು ಸಾಕು. ಅವನ್ನು ನಮ್ಮ ಮಳೆ-ಬಿಸಿಲಿನ ಕ್ರಮಕ್ಕೆ ಹೊಂದಿಸಿಕೊಳ್ಳುವುದು ಸೂಕ್ತ.

1. ಮಾರ್ಚ್-ಏಪ್ರಿಲ್ ತಿಂಗಳು: ಮರವು ಚೆನ್ನಾಗಿ ಒಣಗಿರುವ ಕಾಲ. ಧೂಳು ಬೂಷ್ಟುಗಳನ್ನು ತೊಡೆದು, ಬಿರುಕುಗಳನ್ನು ತುಂಬಿ, ಎಣ್ಣೆ ಬಳಿಯಲು ಇದೇ ಪ್ರಶಸ್ತ ಸಮಯ. ತೇವವಿರುವ ಮರಕ್ಕೆ ಬಳಿದ ಎಣ್ಣೆ ಒಳಗಿಳಿಯುವುದಿಲ್ಲ.

2. ಮೇ ತಿಂಗಳ ಕೊನೆ: ರೋಹಿಣಿ ಮಳೆಗೆ ಮುನ್ನ ಮಾಡಿನ ಮೇಲಣ ಎಲೆಗಳನ್ನು ಗುಡಿಸಬೇಕು, ಸರಿದ ಹೆಂಚುಗಳನ್ನು ಕೂಡಿಸಬೇಕು, ಸುತ್ತಣ ಕಾಲುವೆಯನ್ನು ತೆರವು ಮಾಡಬೇಕು, ಗೋಡೆಗೆ ತಾಗಿದ ಬಳ್ಳಿ ಪೊದೆಗಳನ್ನು ಒಂದು ಮೊಳದಷ್ಟು ದೂರ ಕತ್ತರಿಸಬೇಕು. ಮೊದಲ ಮಳೆಯ ಸಂಜೆ ರೆಕ್ಕೆಯ ಗೆದ್ದಲುಗಳು ಎಲ್ಲಿಂದ ಏಳುತ್ತವೆಂಬುದನ್ನು ಗಮನಿಸಿದರೆ ಗೂಡಿನ ನೆಲೆ ಗೊತ್ತಾಗುತ್ತದೆ.

3. ಆಗಸ್ಟ್ ತಿಂಗಳು: ಮಳೆಯ ನಡುವೆ ಒಳಹೊಕ್ಕು ಸೋರಿಕೆಯನ್ನು ನೋಡಬೇಕು. ಬೇಸಿಗೆಯಲ್ಲಿ ಯಾವ ಪಂಡಿತನಿಗೂ ಸೋರುವ ಜಾಗ ಕಾಣುವುದಿಲ್ಲ.

4. ದೀಪಾವಳಿಯ ಅನಂತರ: ಚೂಪಾದ ದಬ್ಬಳದಿಂದ ಕಂಬದ ಬುಡ, ಬಾಗಿಲ ಚೌಕಟ್ಟಿನ ಕೆಳತುದಿ, ಹೊಸ್ತಿಲು ಇವುಗಳನ್ನು ಚುಚ್ಚಿ ಪರೀಕ್ಷಿಸಬೇಕು. ಗಟ್ಟಿಮರದಲ್ಲಿ ದಬ್ಬಳವು ಇಳಿಯಲು ಹೆಣಗುತ್ತದೆ. ಕೊಳೆತ ಮರದಲ್ಲಿ ಸಲೀಸಾಗಿ ಇಳಿಯುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿರಬೇಕೆಂದು ಸಂಶಯಿಸಬೇಕು.

ಗೊಬ್ಬರದ ಚೀಲಗಳನ್ನು ಗೋಡೆಗೊರಗಿಸದೆ ಹಲಗೆಯ ಮೇಲೆ ಎತ್ತರಿಸಿಡುವುದು ವರ್ಷವಿಡೀ ಪಾಲಿಸಬೇಕಾದ ನಿಯಮ. ಯೂರಿಯಾದಂಥ ಗೊಬ್ಬರಗಳು ಗಾಳಿಯ ತೇವವನ್ನು ಹೀರಿ ಒಸರಿ, ಮರವನ್ನು ತೋಯಿಸಿ ಮೊಳೆಗಳನ್ನು ತಿನ್ನುತ್ತವೆ.

ದುರಸ್ತಿ

ಕೊಳೆತ ಭಾಗವನ್ನು ಕಂಡಾಗ ಅದರ ಮೇಲೆ ಬಣ್ಣ ಬಳಿಯುವುದು ಹುಣ್ಣಿನ ಮೇಲೆ ಜರತಾರಿ ಹೊದಿಸಿದಂತೆ. ಮೊದಲು ನೀರು ಎಲ್ಲಿಂದ ಬಂತೆಂಬುದನ್ನು ಕಂಡುಹಿಡಿದು ನಿಲ್ಲಿಸಬೇಕು. ಅನಂತರ ಕಣ್ಣಿಗೆ ಕಾಣುವ ಕೊಳೆತಕ್ಕಿಂತ ಒಂದು ಗೇಣು ಮುಂದಿನವರೆಗೆ ಕೊಯ್ದು ತೆಗೆಯಬೇಕು. ಶಿಲೀಂಧ್ರದ ಎಳೆಗಳು ಕಾಣುವ ಗುರುತಿಗಿಂತ ಮುಂದೆ ಹೋಗಿರುತ್ತವೆ. ಕಂಬದ ಬುಡವೊಂದೇ ಕೆಟ್ಟಿದ್ದರೆ ಮಾಡಿಗೆ ಆನಿಕೆ ಕೊಟ್ಟು, ಕೆಟ್ಟ ತುಂಡನ್ನು ತೆಗೆದು, ಆ ಎತ್ತರಕ್ಕೆ ಕಲ್ಲಿನ ಪೀಠವನ್ನೇ ಏರಿಸಬಹುದು. ಇಡೀ ಮನೆಯನ್ನು ಬದಲಿಸದೆ ಕೆಟ್ಟ ಅಂಗವನ್ನಷ್ಟೇ ಬದಲಿಸಬಹುದೆಂಬುದು ಮರದ ದೊಡ್ಡ ಗುಣ. ಆದರೆ ಕಂಬಗಳಲ್ಲಿ ಹೆಚ್ಚಿನವು ಬುಡದಿಂದ ಎದೆಯೆತ್ತರಕ್ಕೆ ಪೊಳ್ಳಾಗಿದ್ದರೆ ಮಮತೆಯನ್ನು ಬಿಟ್ಟು ಮಾಡನ್ನಿಳಿಸುವುದೇ ಸರಿ. ಮಕ್ಕಳು ಓಡಾಡುವ ಜಾಗವದು.

ಬೆಂಕಿಯ ಭಯ

1897ರಲ್ಲಿ ಮೈಸೂರಿನ ಹಳೆಯ ಅರಮನೆ ರಾಜಕುಮಾರಿಯ ಮದುವೆಯ ಸಮಯದಲ್ಲಿಯೇ ಬೆಂಕಿಗೆ ಆಹುತಿಯಾಯಿತು. ಮರವು ಪ್ರಧಾನವಾಗಿದ್ದ ಆ ಕಟ್ಟಡದ ಸ್ಥಳದಲ್ಲಿ ಕಲ್ಲಿನ ಈಗಿನ ಅರಮನೆ 1912ರಲ್ಲಿ ಪೂರ್ಣವಾಯಿತು. ಅರಮನೆಯೇ ಉಳಿಯದ ಮೇಲೆ ನಮ್ಮ ಹಲಗೆಮನೆಯ ಪಾಡೇನು? ಆದಕಾರಣ ಪೆಟ್ರೋಲು, ಸೀಮೆಎಣ್ಣೆ, ಎಣ್ಣೆಬಟ್ಟೆಗಳನ್ನು ಅಲ್ಲಿಡಬಾರದು. ತರಗೆಲೆಗಳನ್ನು ಅದರ ಬಳಿ ಸುಡಬಾರದು. ಬಾಗಿಲ ಬಳಿ ಮರಳು ತುಂಬಿದ ಎರಡು ಬಕೆಟ್ಟುಗಳು ಸದಾ ಇರಬೇಕು.

ಉಪಸಂಹಾರ

ಇಷ್ಟನ್ನು ಓದಿದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿಯುಂಟು. ಕಟ್ಟಡಕ್ಕೆ ಕೊಡುವ ಕೈಗಳು ನಮ್ಮ ನಾಡಿನಲ್ಲಿ ಎಂದೂ ಕಡಿಮೆಯಾಗಿಲ್ಲ. ಕಟ್ಟಡಕ್ಕೆ ಶಿಲಾಫಲಕವುಂಟು, ಅದರ ಮೇಲೆ ಹೆಸರುಂಟು. ಅಗಸೆ ಎಣ್ಣೆಯ ಡಬ್ಬಿಗೆ ಫಲಕವಿಲ್ಲ, ಸರಿದ ಹೆಂಚನ್ನು ಕೂಡಿಸಿದವನ ಹೆಸರನ್ನು ಯಾರೂ ಕೊರೆಸುವುದಿಲ್ಲ. ಆದರೆ ಕೊಟ್ಟ ದಾನವು ಉಳಿಯುವುದು ಈ ಹೆಸರಿಲ್ಲದ ಕೆಲಸದಿಂದಲೇ. ಹೊಸದಾಗಿ ಏನನ್ನಾದರೂ ಕಟ್ಟಿಸಿಕೊಡುವವರು ಅದರ ವಾರ್ಷಿಕ ಪಾಲನೆಗೆಂದು ಒಂದು ಚಿಕ್ಕ ಮೊತ್ತವನ್ನೂ ಬೇರೆಯಾಗಿ ತೆಗೆದಿರಿಸಿದರೆ ಅವರ ದಾನವು ಇಮ್ಮಡಿಯಾಗುತ್ತದೆ.

ಶಿಕ್ಷಕ ಬಂಧುಗಳು ಮಾಡಬಹುದಾದ ಕೆಲಸವೂ ಉಂಟು. ಮರದ ಮನೆಯ ಬಾಗಿಲ ಹಿಂದೆ ಒಂದು ವಹಿಯನ್ನು ತೂಗುಹಾಕಿ, ಪ್ರತಿವರ್ಷದ ಪರೀಕ್ಷೆಯನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಲಿ: ಯಾವ ಹಲಗೆ ಮೆತ್ತಗಾಗಿದೆ, ಎಲ್ಲಿ ನಾಳ ಕಂಡಿತು, ಯಾವ ದಿನ ಎಣ್ಣೆ ಬಳಿಯಲಾಯಿತು, ಎಷ್ಟು ಖರ್ಚಾಯಿತು. ಹತ್ತು ವರ್ಷಗಳ ಇಂಥ ವಹಿಯು ಜೀವವಿಜ್ಞಾನ, ರಸಾಯನವಿಜ್ಞಾನ ಮತ್ತು ಲೆಕ್ಕ ಮೂರಕ್ಕೂ ಪಠ್ಯವಾಗುತ್ತದೆ. ಕಟ್ಟುವುದನ್ನು ಕಲಿತವರು ಬಹಳ. ಕಟ್ಟಿದ್ದನ್ನು ಕಾಯುವುದನ್ನು ಕಲಿತವರು ಕೆಲವರು. ಆ ಕೆಲವರ ಸಂಖ್ಯೆಯು ನಮ್ಮ ಶಾಲೆಗಳಿಂದ ಹೆಚ್ಚಲೆಂದು ಹಾರೈಸುತ್ತೇನೆ.